ಹಳೆಯ ಚಿತ್ರಕಥೆ, ಹೊಸ ಮುದ್ರಣ

ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಪಾಠಾಂತರಗಳು ಸಹಜ. ಇದೇ ಮೂಲವೆನ್ನುವುದು ಕಷ್ಟ. ಅಚ್ಚಾದ ಚಿತ್ರಕಥೆಗಳ ಮಾತು ಬೇರೆ. ಅವುಗಳ ಸಂಗ್ರಾಹಕರು ಮೊದಲ ಮುದ್ರಣವನ್ನೇ ಅರಸುತ್ತಾರೆ. ಇದು ಬರಿಯ ಹುಚ್ಚಲ್ಲ.

‘ಅಮರ ಚಿತ್ರ ಕಥೆ’ಯನ್ನೇ ನೋಡಿ. ಕಾರ್ಕಳದಲ್ಲಿ ಜನಿಸಿದ ಅನಂತ ಪೈಗಳು ಮುಂಬಯಿಯಲ್ಲಿ ಸಂಪಾದಿಸಿದ ಈ ಮಾಲೆಯಲ್ಲಿ ಪುರಾಣಕಥೆಗಳಿಗೆ ನಾಂದಿಯಾದುದು ‘ಕೃಷ್ಣ’. ಆದರೆ ಅದರ ಸಂಖ್ಯೆ 11. ಏಕೆ? ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಬೆಂಗಳೂರಿನಲ್ಲಿ ಇದೇ ಹೆಸರಿನ ಕನ್ನಡ ಪುಸ್ತಿಕೆಗಳು ಹೊರಬಂದಿದ್ದವು. ಮೊದಲ ಹತ್ತು ಸಂಖ್ಯೆಗಳು ಸಿಂಡರೆಲ್ಲಾಳಂತಹ ಹೊರನಾಡಿನ ಕಥೆಗಳಿಗೆ ಸಂದಿದ್ದವು. ಮಾಲೆಯು ಪುರಾಣಗಳತ್ತ ತಿರುಗಿದ ಮೇಲೆ ಅವು ಮರೆಗೆ ಸರಿದವು. ಕನ್ನಡವೇ ಮೊದಲಾಗಿತ್ತೆಂಬುದನ್ನು ಇಂದು ಕಣ್ಣಾರೆ ತೋರಿಸಬಲ್ಲವು ಆ ಹಳೆಯ ಪ್ರತಿಗಳೇ.

ಚಿತ್ರಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಇನ್ನೂ ತೀವ್ರ. ಮೊದಮೊದಲ ಪುಸ್ತಿಕೆಗಳ ಬಹುಭಾಗ ಹಣದ ಅಭಾವದಿಂದ ನೀಲಿ, ಹಳದಿ, ಹಸಿರು ಬಣ್ಣಗಳಲ್ಲೇ ಅಚ್ಚಾಗುತ್ತಿತ್ತು. ಮುಂದೆ ಪೂರ್ಣವರ್ಣ ಬಂದಿತು. ಹೊಸ ಮುದ್ರಣದ ಹೊಳಪು ಎಳೆಯರನ್ನು ಸೆಳೆಯುತ್ತದೆ, ಅದು ತಪ್ಪೇನೂ ಅಲ್ಲ. ಆದರೆ ‘ಕೃಷ್ಣ’ದ ಚಿತ್ರಕಾರರಾದ ರಾಮ್ ವಾಯೀರ್‌ಕರರ ಸಾಮರ್ಥ್ಯವಿದ್ದುದು ಗೆರೆಯಲ್ಲಿ. ಗೆರೆಯನ್ನು ನುಂಗುವ ಬಣ್ಣ ಎಷ್ಟು ಉಜ್ವಲವಾದರೇನು?

1964ರಿಂದ 1990ರವರೆಗೆ ನಡೆದ ‘ಇಂದ್ರಜಾಲ’ ಮಾಲೆಯ ಮುಸುಕಿನ ವೀರ ಫ್ಯಾಂಟಮ್ ಅಮೆರಿಕದವನು; ಮುಖಪುಟಗಳನ್ನು ಬಿಡಿಸಿದವರಲ್ಲಿ ಪ್ರಮುಖರು ನಮ್ಮ ದೇಶದ ಬಿ. ಗೋವಿಂದ್. ಆ ಕಥೆಗಳು ಬೇರೆ ಮಾಲೆಗಳಲ್ಲಿ ಮರಳಿ ಬಂದರೂ ಗೋವಿಂದರ ಮುಖಪುಟವಿಲ್ಲದ ಪ್ರತಿ ಸಂಗ್ರಾಹಕರಿಗೆ ಒಲ್ಲದ ವಸ್ತು. ಅಂಚು ಹರಿದಿದ್ದರೂ ಹಳೆಯದೇ ಬೇಕು.