‘ಸ್ಮಾರ್ಟ್’ ಅಂದ್ರೆ ಏನು? ನಾಳೆಯ ಹೆಸರಿನ ಯೋಜನೆಗಳನ್ನು ಅಳೆಯೋದು ಹೇಗೆ?

ನಮ್ಮಪ್ಪನ ಊರು ಗುಬ್ಬಿ ತಾಲ್ಲೂಕು. ಅಮ್ಮನ ತವರು ಕುಣಿಗಲ್ ಕಡೆ. ನಾನು ಓದಿದ್ದು, ಈಗ ಬಾಡಿಗೆ ಮನೇಲಿರೋದು ತುಮಕೂರಿನಲ್ಲಿ. ಹತ್ತು ವರ್ಷದಿಂದ ಈ ಮೂರೂ ಕಡೆ ಭಾಷಣಗಳಲ್ಲಿ ಅತಿ ಹೆಚ್ಚು ಕೇಳಿದ ಪದ ‘ಭವಿಷ್ಯ’. ಒಂದೂರಿಗೆ ಸ್ಮಾರ್ಟ್ ಸಿಟಿ, ಇನ್ನೊಂದಕ್ಕೆ ಹೆಲಿಕಾಪ್ಟರ್, ಮತ್ತೊಂದಕ್ಕೆ ಲಿಂಕ್ ಕೆನಾಲ್. ‘ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ’ ಅಂತ ನಮ್ಮಜ್ಜಿ ಹೇಳೋರು. ಆದರೆ ಗಾದೆ ಹೇಳಿ ಎಲ್ಲವನ್ನೂ ತಳ್ಳಿಹಾಕಿದರೆ ಲಾಭ ಅಧಿಕಾರದಲ್ಲಿರೋರಿಗೇ. ಇವು ಹೆಸರಿಗೆ ತಕ್ಕ ಹಾಗಿವೆಯಾ ಅಂತ ಅಳೆಯೋದು ಹೇಗೆ? ಒಂದೊಂದಾಗಿ ನೋಡೋಣ.

ತುಮಕೂರು: ಅರ್ಥ ಗೊತ್ತುಮಾಡದ ಹೆಸರು

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾಗಿದ್ದು 2015ರ ಜೂನ್ 25ರಂದು. 2016ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ 27 ನಗರಗಳ ಪಟ್ಟಿಯಲ್ಲಿ ತುಮಕೂರೂ ಬಂತು. ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿವರೆಗೆ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ ಅಷ್ಟೇ ಮೊತ್ತ ಅನ್ನೋದು ಲೆಕ್ಕ. ತಮಾಷೆ ಏನಂದ್ರೆ, ಸ್ಮಾರ್ಟ್ ಸಿಟಿ ಅನ್ನೋದಕ್ಕೆ ಎಲ್ಲರೂ ಒಪ್ಪುವ ವ್ಯಾಖ್ಯಾನವೇ ಇಲ್ಲ ಅಂತ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ.

ಕೆಲಸವೇ ಆಗಿಲ್ಲ ಅಂತ ನಾನು ಹೇಳಲ್ಲ. ಮಹಾತ್ಮ ಗಾಂಧಿ ಕ್ರೀಡಾಂಗಣ ಹೊಸ ರೂಪ ಪಡೆಯಿತು, ರಸ್ತೆಗಳಾದವು. ಆದರೆ ವ್ಯಾಖ್ಯಾನವೇ ಇಲ್ಲದ ಪರೀಕ್ಷೆಯಲ್ಲಿ ಫೇಲಾಗೋಕೆ ಸಾಧ್ಯವೇ ಇಲ್ಲ. ಏನು ಕಟ್ಟಿದರೂ ಅದು ‘ಸ್ಮಾರ್ಟ್’. ಜೊತೆಗೆ ಈ ಹಣ ಖರ್ಚು ಮಾಡಿದ್ದು ಪಾಲಿಕೆ ನೇರವಾಗಿ ಅಲ್ಲ, ಇದಕ್ಕೆಂದೇ ರಚಿಸಿದ ಒಂದು ಕಂಪನಿ: ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್. ಇಂಥ ಕಂಪನಿಯಲ್ಲಿ ತೀರ್ಮಾನ ಆಗೋದು ನಿರ್ದೇಶಕರ ಮಂಡಳಿಯಲ್ಲಿ. ನನ್ನ ವಾರ್ಡಿನ ಕಾರ್ಪೊರೇಟರನ್ನು ನಾನು ರಸ್ತೇಲಿ ನಿಲ್ಲಿಸಿ ಕೇಳಬಹುದು, ಕಂಪನಿಯನ್ನು ಎಲ್ಲಿ ನಿಲ್ಲಿಸಲಿ? ಐದು ವರ್ಷದ ಯೋಜನೆ ಹಲವು ಬಾರಿ ಮುಂದಕ್ಕೆ ಹೋಗಿ 2025ರ ಮಾರ್ಚ್ 31ಕ್ಕೆ ಮುಗಿಯಿತು.

ಗುಬ್ಬಿ: ಲೆಕ್ಕ ಕೇಳಬಹುದಾದ ಮಾತು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಶಂಕುಸ್ಥಾಪನೆ 2016ರ ಜನವರಿ 3, ಉದ್ಘಾಟನೆ 2023ರ ಫೆಬ್ರವರಿ 6. ಎರಡರ ನಡುವೆ ಏಳು ವರ್ಷ. ಉದ್ಘಾಟನೆ ವೇಳೆ ಸರ್ಕಾರ ಕೊಟ್ಟ ಮಾತು ಇದು: ಮೊದಲು ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರ್, ಆಮೇಲೆ ಹಂತ ಹಂತವಾಗಿ 60, 90, 20 ವರ್ಷದಲ್ಲಿ 1,000ಕ್ಕೂ ಹೆಚ್ಚು, ಈ ಭಾಗದ ಸುಮಾರು 6,000 ಜನರಿಗೆ ಕೆಲಸ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ‘ಪ್ರಚಂಡ್’ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅವು ತಯಾರಾಗಬೇಕಿರೋದು ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ.

ಈ ಮಾತುಗಳು ನಿಜವಾಗ್ತವೋ ಇಲ್ಲವೋ, ಅಳೆಯೋಕಂತೂ ಬರ್ತವೆ. ವರ್ಷಕ್ಕೆ ಮೂವತ್ತು ಆಯ್ತಾ? 6,000ದಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಗುಬ್ಬಿಯ ಐಟಿಐ ಹುಡುಗರು, ಡಿಪ್ಲೊಮಾ ಓದಿದ ಹುಡುಗಿಯರು ಎಷ್ಟು ಜನ? ಅಂಕಿ ಕೊಟ್ಟವರನ್ನ ಅಂಕಿ ಹಿಡಿದು ಕೇಳಬಹುದು.

ಕುಣಿಗಲ್: ಯಾರ ನಾಳೆ?

ಮೂರನೆಯದು ನಮ್ಮನೆ ಜಗಳವೂ ಹೌದು. ಗೊರೂರಿನ ಜಲಾಶಯದಿಂದ ಹೇಮಾವತಿ ನೀರು ನಾಲೆಯಲ್ಲಿ ತುಮಕೂರು ಜಿಲ್ಲೆಗೆ ಬರುತ್ತದೆ. ಕುಣಿಗಲ್ ಇರೋದು ನಾಲೆಯ ಕೊನೇಲಿ. ಮೇಲ್ಭಾಗದಲ್ಲೇ ನೀರು ತೆಗೆದು ಪೈಪ್‌ಲೈನ್‌ನಲ್ಲಿ ಅಡ್ಡದಾರಿಯಿಂದ ಕುಣಿಗಲ್‌ಗೆ ಒಯ್ಯುವುದು ಲಿಂಕ್ ಕೆನಾಲ್ ಯೋಜನೆ. ‘ನಮ್ಮ ಪಾಲು ನಮ್ಮ ಕೆರೆ ಮುಟ್ಟೋದೇ ಇಲ್ಲ’ ಅನ್ನೋದು ಅಮ್ಮನ ಕಡೆಯವರ ನೋವು. ‘ಮೇಲೇ ತೆಗೆದುಬಿಟ್ರೆ ನಮ್ಮ ಕೆರೆ ತುಂಬೋದು ಹೆಂಗೆ?’ ಅನ್ನೋದು ಅಪ್ಪನ ಭಯ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ದೊಡ್ಡ ಪ್ರತಿಭಟನೆಯನ್ನೇ ಮಾಡಿದರು.

ಇಬ್ಬರೂ ಸುಳ್ಳು ಹೇಳ್ತಿಲ್ಲ. ಇಲ್ಲಿ ಒಂದೇ ಯೋಜನೆ ಒಂದೂರಿಗೆ ಭರವಸೆ, ಪಕ್ಕದೂರಿಗೆ ಆತಂಕ. ನಾಲೆಯ ಯಾವ ಜಾಗದಲ್ಲಿ ದಿನಕ್ಕೆ ಎಷ್ಟು ನೀರು ಹರೀತು ಅನ್ನೋದನ್ನು ಪ್ರತಿ ಗ್ರಾಮ ಪಂಚಾಯಿತಿ ಬೋರ್ಡಿನ ಮೇಲೆ ಹಾಕಿದರೆ, ಕನಿಷ್ಠ ಎರಡೂ ಕಡೆಯವರು ಒಂದೇ ಲೆಕ್ಕ ಇಟ್ಕೊಂಡು ವಾದ ಮಾಡಬಹುದು.

ಹಾಗಾದ್ರೆ ಏನು ಕೇಳಬೇಕು?

‘ಭವಿಷ್ಯ’ ಅಂತ ಯಾರಾದ್ರೂ ಮೈಕ್ ಹಿಡಿದಾಗ ನಾಲ್ಕು ಪ್ರಶ್ನೆ ಸಾಕು. ಎಷ್ಟು? ಯಾವ ದಿನಾಂಕದೊಳಗೆ? ಇದರಿಂದ ಕಳೆದುಕೊಳ್ಳೋರು ಯಾರು? ಆಗದಿದ್ದರೆ ಉತ್ತರ ಕೊಡೋರು ಯಾರು? ಈ ಲೆಕ್ಕದಲ್ಲಿ ಹೆಲಿಕಾಪ್ಟರ್ ಮೊದಲೆರಡು ಪ್ರಶ್ನೆಗೆ ಒಂದಷ್ಟು ಉತ್ತರ ಕೊಡುತ್ತದೆ. ಕೆನಾಲ್ ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿದೆ. ಸ್ಮಾರ್ಟ್ ಸಿಟಿ ನಾಲ್ಕನೆಯದಕ್ಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ.

ಕೇಳೋದಕ್ಕೆ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿಗಳು ಎಷ್ಟೋ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ರೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಮೂರು ಊರಿನಿಂದ ಮೂರು ಜನ ಒಂದೊಂದು ಅರ್ಜಿ ಹಾಕಿದರೂ ಶುರುವಾದಂತೆಯೇ.

ನಮ್ಮನೇಲಿ ಕೆನಾಲ್ ಜಗಳ ಇನ್ನೂ ಮುಗಿದಿಲ್ಲ. ಮೊನ್ನೆ ಮಾತ್ರ ಅಪ್ಪ, ‘ಮೊದ್ಲು ನೀರೆಷ್ಟು ಬರ್ತಿದೆ ಅಂತ ಬರೆದು ಕೇಳು’ ಅಂದ್ರು. ಅಮ್ಮ ಪೆನ್ನು ತಂದುಕೊಟ್ಟರು.