‘ಯೂಸ್ಡ್ ಟು’: ಒಂದು ಮಾತು, ಎರಡು ಅರ್ಥ

ಇಂಗ್ಲೀಷು ಕಲಿಯುವವರಿಗೆ ದೊಡ್ಡ ದೊಡ್ಡ ಶಬ್ದಗಳಿಗಿಂತ ಸಣ್ಣ ಮಾತುಗಳೇ ಹೆಚ್ಚು ಕಾಡುತ್ತವೆ. ದೊಡ್ಡ ಶಬ್ದ ತಿಳಿಯದಿದ್ದರೆ ನಿಘಂಟು ತೆರೆಯುತ್ತೇವೆ. ಸಣ್ಣ ಮಾತು ತಿಳಿದಿದೆಯೆಂದೇ ಭಾವಿಸಿ ಮುಂದೆ ಸಾಗುತ್ತೇವೆ. ‘ಯೂಸ್ಡ್ ಟು’ ಎಂಬುದು ಅಂಥ ಮಾತುಗಳಲ್ಲೊಂದು. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಇದರಲ್ಲಿ ಎರಡು ಬೇರೆ ಬೇರೆ ಅರ್ಥಗಳುಂಟು. ಅವನ್ನು ಬಿಡಿಸಿ ನೋಡೋಣ.

ಮೊದಲು ಉಚ್ಚಾರವನ್ನು ಗಮನಿಸಿರಿ. ‘ಉಪಯೋಗಿಸಿದೆ’ ಎಂಬ ಅರ್ಥದಲ್ಲಿ ಆ ಶಬ್ದ ‘ಯೂಜ್ಡ್’ ಎಂದು ಝೇಂಕರಿಸುತ್ತದೆ. ರೂಢಿಯ ಅರ್ಥದಲ್ಲಿ ‘ಸ’ಕಾರ ಗಟ್ಟಿಯಾಗಿ, ಎರಡೂ ಮಾತು ಕೂಡಿ ‘ಯೂಸ್ಟು’ ಎಂದಾಗುತ್ತದೆ. ಬರವಣಿಗೆಯಲ್ಲಿ ಎರಡೂ ಒಂದೇ. ಕಿವಿಗೆ ಮಾತ್ರ ಬೇರೆ. ರೇಡಿಯೋದ ಇಂಗ್ಲೀಷು ವಾರ್ತೆಯನ್ನು ಕೇಳುವವರಿಗೆ ಇದು ಬೇಗ ಪತ್ತೆಯಾದೀತು.

ಈಗ ಮೊದಲನೆಯ ಅರ್ಥ. ಹಿಂದೆ ರೂಢಿಯಲ್ಲಿದ್ದು ಈಗ ನಿಂತುಹೋದುದನ್ನು ಹೇಳಲು ಈ ಮಾತು. ನಮ್ಮ ಐನಾಪುರದ ಸುತ್ತಲೇ ಉದಾಹರಣೆ ಬೇಕಾದಷ್ಟಿವೆ. ವಿದ್ಯುತ್ ಪಂಪು ಬರುವ ಮೊದಲು ರೈತರು ಎತ್ತು ಕಟ್ಟಿ ಬಾವಿಯ ನೀರೆತ್ತುತ್ತಿದ್ದರು: ‘ಫಾರ್ಮರ್ಸ್ ಯೂಸ್ಡ್ ಟು ಡ್ರಾ ವಾಟರ್ ವಿತ್ ಬುಲಕ್ಸ್’. ಹಳೆಯ ವಾಲ್ವಿನ ರೇಡಿಯೋ ಹಚ್ಚಿದರೆ ಅದು ಕಾಯುವವರೆಗೆ ತುಸು ಹೊತ್ತು ಕಾದು ಕೂಡಬೇಕಾಗುತ್ತಿತ್ತು; ಅದನ್ನು ಹೇಳಲೂ ಇದೇ ಮಾತು. ಕ್ರಿಯೆಯಷ್ಟೇ ಅಲ್ಲ, ಸ್ಥಿತಿಯನ್ನೂ ಹೇಳಬಹುದು. 1956ರ ನವೆಂಬರ 1ರವರೆಗೆ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು: ‘ಬೆಳಗಾವಿ ಯೂಸ್ಡ್ ಟು ಬಿ ಇನ್ ಬಾಂಬೇ ಸ್ಟೇಟ್’. ಐನಾಪುರ ಹಿಂದೆ ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕಿನಲ್ಲಿದೆ. ಇಲ್ಲಿಯೂ ‘ಯೂಸ್ಡ್ ಟು ಬಿ’ ಎಂದರೆ ಸರಿ. ಎಲ್ಲ ವಾಕ್ಯಗಳ ಕೊನೆಗೂ ‘ಈಗ ಹಾಗಿಲ್ಲ’ ಎಂಬ ಮಾತು ಹೇಳದೆಯೇ ಕೇಳಿಸುತ್ತದೆ. ಅದೇ ಇದರ ಜೀವ.

ಕನ್ನಡದ ಮಕ್ಕಳಿಗೆ ಇಲ್ಲಿ ತೊಡಕಾಗುವುದೇಕೆ? ನಮ್ಮ ‘ಹೋಗುತ್ತಿದ್ದೆ’ ಎಂಬ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ‘ನೀನು ಕೂಗಿದಾಗ ನಾನು ಹೊಳೆಗೆ ಹೋಗುತ್ತಿದ್ದೆ’ ಎಂದರೆ ಆ ಕ್ಷಣದಲ್ಲಿ ನಡೆದಿದ್ದ ಕೆಲಸ. ಇಂಗ್ಲೀಷಿನಲ್ಲಿ ‘ಐ ವಾಸ್ ಗೋಯಿಂಗ್’. ‘ಸಣ್ಣವನಿದ್ದಾಗ ದಿನಾಲು ಹೊಳೆಗೆ ಹೋಗುತ್ತಿದ್ದೆ’ ಎಂದರೆ ರೂಢಿ. ಅದು ‘ಐ ಯೂಸ್ಡ್ ಟು ಗೋ’. ಗಡಿನಾಡಿನ ನಮಗೆ ಮರಾಠಿಯ ನೆರವುಂಟು. ಮರಾಠಿಯಲ್ಲಿ ‘ಮೀ ಜಾತ ಹೋತೋ’ ಎಂಬುದು ಆ ಕ್ಷಣದ ಮಾತು. ಬರವಣಿಗೆಯ ‘ಜಾತ ಅಸೇ’, ಆಡುಮಾತಿನ ‘ಜಾಯಚೋ’ ಎಂಬುವು ರೂಢಿಯ ಮಾತು. ‘ಜಾಯಚೋ’ ಎನ್ನುವಲ್ಲೆಲ್ಲ ‘ಯೂಸ್ಡ್ ಟು’ ಹೊಂದುತ್ತದೆಯೇ ಎಂದು ನೋಡಿರಿ, ಬಹುಮಟ್ಟಿಗೆ ದಾರಿ ತಪ್ಪುವುದಿಲ್ಲ. ಸಂಸ್ಕೃತ ಬಲ್ಲವರು ‘ಗಚ್ಛತಿ ಸ್ಮ’ ಎಂಬ ಪ್ರಯೋಗವನ್ನು ನೆನೆಯಬಹುದು. ವರ್ತಮಾನದ ರೂಪಕ್ಕೆ ‘ಸ್ಮ’ ಎಂಬ ಪುಟ್ಟ ಅವ್ಯಯ ಸೇರಿದೊಡನೆ ಕೆಲಸ ಹಿಂದಿನ ಕಾಲಕ್ಕೆ ಸರಿಯುತ್ತದೆ.

ನಮ್ಮವರು ಹೆಚ್ಚಾಗಿ ಎಡವುವುದು ಈ ಮುಂದಿನ ಸ್ಥಳದಲ್ಲಿ. ಇಂದಿಗೂ ನಡೆದಿರುವ ರೂಢಿಗೆ ‘ಯೂಸ್ಡ್ ಟು’ ಬಳಸುತ್ತಾರೆ. ‘ನಾನು ದಿನಾಲು ಐದು ಗಂಟೆಗೆ ಏಳುತ್ತೇನೆ’ ಎನ್ನಲು ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಎಂದರೆ, ‘ಹಿಂದೆ ಏಳುತ್ತಿದ್ದೆ, ಈಗ ಬಿಟ್ಟಿದ್ದೇನೆ’ ಎಂದಾಗುತ್ತದೆ. ‘ಮೈ ಗ್ರ್ಯಾಂಡ್‌ಫಾದರ್ ಯೂಸ್ಡ್ ಟು ಸಿಂಗ್ ಭಜನ್ಸ್’ ಎಂದು ಹುಡುಗ ಹೇಳಿದರೆ ಕೇಳಿದವರು ‘ಅಯ್ಯೋ, ಅಜ್ಜ ತೀರಿಕೊಂಡದ್ದು ಯಾವಾಗ?’ ಎಂದಾರು. ಅಜ್ಜನೋ ಕಟ್ಟೆಯ ಮೇಲೆ ತಾಳ ಹಿಡಿದು ಕುಳಿತೇ ಇದ್ದಾನೆ!

ಇದು ನಗುವಷ್ಟಕ್ಕೆ ಮುಗಿಯುವ ಮಾತಲ್ಲ. ನಮ್ಮ ಭಾಗದ ಜನ ಔಷಧೋಪಚಾರಕ್ಕೆ ಮಿರಜಿಗೆ ಹೋಗುವುದುಂಟು. ಕನ್ನಡ ಬಾರದ ವೈದ್ಯರ ಮುಂದೆ ಸಾಲೆ ಕಲಿತ ಮಗ ‘ಮೈ ಫಾದರ್ ಯೂಸ್ಡ್ ಟು ಟೇಕ್ ದಿಸ್ ಟ್ಯಾಬ್ಲೆಟ್’ ಎಂದನೆನ್ನಿ. ತಂದೆ ಆ ಗುಳಿಗೆಯನ್ನು ಇಂದು ಮುಂಜಾನೆಯೂ ನುಂಗಿದ್ದಾನೆ. ವೈದ್ಯರು ಮಾತ್ರ ‘ಬಿಟ್ಟಿದ್ದಾನೆ’ ಎಂದು ತಿಳಿದು ಬೇರೊಂದನ್ನು ಬರೆದುಕೊಟ್ಟಾರು. ‘ಹಿ ಟೇಕ್ಸ್ ದಿಸ್ ಟ್ಯಾಬ್ಲೆಟ್ ಎವೆರಿ ಡೇ’ ಎಂದರೆ ಸಾಕಾಗಿತ್ತು. ನೆನಪಿಡಿರಿ: ಈ ಅರ್ಥಕ್ಕೆ ವರ್ತಮಾನ ರೂಪವೇ ಇಲ್ಲ. ಕೆಲವು ಶತಮಾನಗಳ ಹಿಂದೆ ಇಂಗ್ಲೀಷಿನಲ್ಲಿ ಅದು ಇತ್ತು. ಬಳಕೆ ತಪ್ಪಿ ಭೂತಕಾಲವೊಂದೇ ಉಳಿಯಿತು. ಇಂದಿನ ರೂಢಿಗೆ ಸಾದಾ ವರ್ತಮಾನ ಸಾಕು. ಬೇಕಿದ್ದರೆ ‘ಯೂಜ್ವಲಿ’ ಎಂಬುದನ್ನು ಕೂಡಿಸಿರಿ.

ಇನ್ನೊಂದು ಎಚ್ಚರಿಕೆ. ಎಷ್ಟು ವರ್ಷ, ಎಷ್ಟು ಸಲ ಎಂದು ಎಣಿಸಿ ಹೇಳುವಲ್ಲಿ ಈ ಮಾತು ಸಲ್ಲದು. ‘ಧಾರವಾಡದಲ್ಲಿ ಮೂರು ವರ್ಷ ಇದ್ದೆ’ ಎಂಬುದಕ್ಕೆ ‘ಐ ಲಿವ್ಡ್ ಇನ್ ಧಾರವಾಡ ಫಾರ್ ಥ್ರೀ ಇಯರ್ಸ್’ ಎಂದರೇ ಸರಿ. ಪ್ರಶ್ನೆ, ನಿಷೇಧಗಳಲ್ಲಿ ‘ಡಿಡ್’ ಬಂದೊಡನೆ ಬರವಣಿಗೆಯಲ್ಲಿ ಕೊನೆಯ ‘ಡ’ಕಾರ ಬೀಳುತ್ತದೆ: ‘ಡಿಡ್ ಯೂ ಯೂಸ್ ಟು ಗೋ?’ ಕಿವಿಗೆ ವ್ಯತ್ಯಾಸ ಗೊತ್ತಾಗದು. ಪರೀಕ್ಷೆಯ ಕಾಗದದ ಮೇಲೆ ಗೊತ್ತಾಗುತ್ತದೆ.

ಇನ್ನು ಎರಡನೆಯ ಅರ್ಥ. ‘ಆಮ್’, ‘ಈಸ್’, ‘ವಾಸ್’ಗಳಲ್ಲೊಂದು ಮುಂದೆ ಬಂದರೆ ಮಾತಿನ ಬಣ್ಣವೇ ಬದಲಾಗುತ್ತದೆ. ‘ಐ ಆಮ್ ಯೂಸ್ಡ್ ಟು ಜೋಳದ ರೊಟ್ಟಿ’ ಎಂದರೆ ‘ನನಗೆ ಜೋಳದ ರೊಟ್ಟಿ ರೂಢಿಯಾಗಿದೆ’ ಎಂದರ್ಥ. ಹಿಂದಿನದೂ ಅಲ್ಲ, ನಿಂತುಹೋದುದೂ ಅಲ್ಲ. ಕನ್ನಡದಲ್ಲಿ ‘ನನಗೆ ರೂಢಿ’ ಎನ್ನುತ್ತೇವೆ. ಇಂಗ್ಲೀಷಿನಲ್ಲಿ ‘ನಾನೇ’ ಕರ್ತೃವಾಗಬೇಕು. ರೂಢಿ ಇನ್ನೂ ಆಗುತ್ತಲಿದ್ದರೆ ‘ಗೆಟ್’ ಬರುತ್ತದೆ. ಭತ್ತದ ಸೀಮೆಯಿಂದ ನಮ್ಮೂರಿಗೆ ಬಂದ ಸೊಸೆ ‘ಐ ಆಮ್ ಗೆಟಿಂಗ್ ಯೂಸ್ಡ್ ಟು ಈಟಿಂಗ್ ರೊಟ್ಟಿ’ ಎಂದಾಳು.

ಅಲ್ಲಿ ‘ಈಟ್’ ಅಲ್ಲ, ‘ಈಟಿಂಗ್’ ಏಕೆ? ಎರಡು ‘ಟು’ಗಳೂ ಒಂದೇ ಅಲ್ಲ. ಮೊದಲನೆಯ ಅರ್ಥದ ‘ಟು’ ನಮ್ಮ ‘ಹೋಗಲು, ತಿನ್ನಲು’ ಎಂಬಲ್ಲಿಯ ‘ಅಲು’ ಪ್ರತ್ಯಯದಂತೆ. ಮುಂದೆ ಬರಿಯ ಧಾತು ಬರಬೇಕು. ಎರಡನೆಯ ‘ಟು’ ನಮ್ಮ ಚತುರ್ಥೀ ವಿಭಕ್ತಿಯ ‘ಗೆ, ಕ್ಕೆ’ಗಳಂತೆ. ರೊಟ್ಟಿಗೆ, ಬಿಸಿಲಿಗೆ, ತಿನ್ನುವುದಕ್ಕೆ ಹೊಂದಿಕೊಂಡವನು ಎನ್ನುವಂತೆ, ಮುಂದೆ ನಾಮಪದ ಬರಬೇಕು, ಇಲ್ಲವೆ ‘ಇಂಗ್’ ಹತ್ತಿದ ರೂಪ ಬರಬೇಕು. ‘ಅಲು’ ಮತ್ತು ‘ಗೆ’ ಇವೆರಡನ್ನು ನೆನಪಿಟ್ಟರೆ ಅರ್ಧ ವ್ಯಾಕರಣ ಬಂದಂತೆ.

ವಾಚಕರು ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಬಹುದು. ಸಂಜೆಯ ಊಟದ ಹೊತ್ತಿಗೆ ಹಿರಿಯರು ಹಳೆಯ ಕಾಲದ ಒಂದು ರೂಢಿಯನ್ನೂ ಇಂದಿನ ಒಂದು ರೂಢಿಯನ್ನೂ ಕನ್ನಡದಲ್ಲಿ ಹೇಳಲಿ. ಮಕ್ಕಳು ಇಂಗ್ಲೀಷಿಗೆ ತಿರುಗಿಸಲಿ. ತಿರುಗಿಸುವ ಮೊದಲು ‘ಇದು ನಿಂತಿದೆಯೋ, ನಡೆದಿದೆಯೋ?’ ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳಲಿ. ನಿಂತಿದ್ದರೆ ‘ಯೂಸ್ಡ್ ಟು’. ನಡೆದಿದ್ದರೆ ಸಾದಾ ವರ್ತಮಾನ. ಮೈಗೂಡಿದ್ದರೆ ‘ಆಮ್ ಯೂಸ್ಡ್ ಟು’. ವಾರವೊಪ್ಪತ್ತಿನಲ್ಲಿ ಮಕ್ಕಳ ನಾಲಿಗೆ ತಾನಾಗಿಯೇ ಸರಿದಾರಿ ಹಿಡಿಯುತ್ತದೆ. ಹಿರಿಯರ ಹಳೆಯ ಮಾತುಗಳೂ ಮಕ್ಕಳ ಕಿವಿಗೆ ಬಿದ್ದಂತಾಗುತ್ತದೆ.