ಎಷ್ಟು ಚಮಚ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದೇ ಮುಖ್ಯ!
ಜಿಗಣಿ ದುಡಿಮೆಗಾರರ ಹಲ್ಲಿಗೆ ಯಾವ ಪಾನೀಯ ಮಿತ್ರ? ಯಾವುದು ಶತ್ರು?

(ನಮ್ಮ ವರದಿಗಾರರಿಂದ)

ಜಿಗಣಿ: ಬೆಳಗಿನ ಶಿಫ್ಟಿಗೆ ಮುಂಚೆ ಎ.ಪಿ.ಸಿ. ಸರ್ಕಲ್ಲಿನಲ್ಲಿ ನಿಂತು ನೋಡಿ. ಬಸ್ಸಿಗೆ ಕಾಯೋರ ಕೈಯಲ್ಲಿ ಟೀ ಲೋಟ. ಹತ್ತು ಗಂಟೆಗೆ ಕಾರ್ಖಾನೆಯೊಳಗೆ ಮತ್ತೊಂದು. ಊಟದ ಮೇಲೊಂದು, ನಾಲ್ಕು ಗಂಟೆಗೊಂದು, ಶಿಫ್ಟು ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಬನ್ನಿನ ಜೊತೆ ಇನ್ನೊಂದು. ಎಲ್ಲದಕ್ಕೂ 'ಸಕ್ಕರೆ ಸ್ವಲ್ಪ ಮುಂದಿರ್ಲಿ ಅಣ್ಣಾ' ಅನ್ನೋ ಶಿಫಾರಸು ಬೇರೆ!

ದುಡಿಯೋ ಮೈಗೆ ಟೀ ಬೇಕು, ಯಾರೂ ಬೇಡ ಅನ್ನೋದಿಲ್ಲ. ಆದರೆ ಇದರ ಬಿಲ್ಲು ಅಂಗಡಿಯಲ್ಲಿ ಮುಗಿಯೋದಿಲ್ಲ ಸ್ವಾಮಿ. ದವಡೆ ಊದಿಕೊಂಡ ದಿನ ರಜೆ ಹಾಕಿದರೆ ದಿನಗೂಲಿ ಖೋತಾ. ಡಾಕ್ಟರ ಹತ್ತಿರ ಹೋದರೆ ರೂಟ್ ಕೆನಾಲ್, ಕ್ಯಾಪು ಅಂತ ಸಾವಿರಗಟ್ಟಲೆ ಖರ್ಚು. ಅದಕ್ಕೇ ಲವಂಗ ಅದುಮಿಕೊಂಡು ದಿನ ದೂಡಿ, ಕೊನೆಗೆ 'ಕಿತ್ತುಬಿಡಿ ಸಾರ್' ಅನ್ನೋದು ಬಡವನ ಪರಿಹಾರವಾಗಿದೆ.

ಹುಳ ಅಲ್ಲ, ಹುಳಿ!

ಹಲ್ಲಿಗೆ ಹುಳ ಬಿದ್ದಿದೆ ಅಂತೀವಿ. ನಿಜಕ್ಕೂ ಅಲ್ಲಿ ಯಾವ ಹುಳವೂ ಇಲ್ಲ. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ಅವುಗಳ ಕಾರ್ಖಾನೆಗೆ ಸಕ್ಕರೆಯೇ ಕಚ್ಚಾ ಮಾಲು. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಮ್ಲ ತಯಾರು! ಅದು ಹಲ್ಲಿನ ಹೊರಕವಚದ ಸುಣ್ಣದಂಶವನ್ನು ಕರಗಿಸುತ್ತದೆ.

ಜಿಗಣಿಯ ಕಲ್ಲಿನ ಕಾರ್ಖಾನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಂಬೆರಸ ಗ್ರಾನೈಟಿನ ಮೇಲೆ ಬಿದ್ದರೆ ಒರೆಸಿದರಾಯ್ತು. ಮಾರ್ಬಲ್ಲಿನ ಮೇಲೆ ಬಿದ್ದರೆ ಪಾಲಿಶ್ ಹೋಗುತ್ತದೆ, ಯಾಕೆಂದರೆ ಮಾರ್ಬಲ್ ಸುಣ್ಣದಂಶದ ಕಲ್ಲು. ಹಲ್ಲು ಎಷ್ಟೇ ಗಟ್ಟಿಯಾದರೂ ಈ ವಿಷಯದಲ್ಲಿ ಗ್ರಾನೈಟ್ ಅಲ್ಲ, ಮಾರ್ಬಲ್ ಜಾತಿಯದು!

ಆಮೇಲೆ ಜೊಲ್ಲು ಬಂದು ಆಮ್ಲವನ್ನು ತೊಳೆದು, ಕರಗಿದ್ದನ್ನು ಅಷ್ಟಿಷ್ಟು ರಿಪೇರಿ ಮಾಡುತ್ತದೆ. ಆದರೆ ಬಾಯಿ ಮೊದಲಿನಂತಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಸಿಹಿ ಗುಟುಕು ಬಿತ್ತೋ, ಲೆಕ್ಕ ಮತ್ತೆ ಮೊದಲಿಂದ.

ಇದು ಬರೀ ಬಾಯಿಮಾತಲ್ಲ. ಸ್ವೀಡನ್ ದೇಶದ ವಿಪೆಹೋಮ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅವರ ಒಪ್ಪಿಗೆ ಪಡೆಯದೆ ಮಾಡಿದ ಆ ಕೆಲಸವನ್ನು ಇವತ್ತು ಎಲ್ಲರೂ ಖಂಡಿಸುತ್ತಾರೆ. ಅದರ ಫಲಿತಾಂಶ ಮಾತ್ರ ಈಗಲೂ ಪಾಠ. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಸ್ವಲ್ಪ. ಊಟ-ಊಟದ ನಡುವೆ ಅಂಟುವ ಟಾಫಿ ತಿಂದವರಲ್ಲಿ ವಿಪರೀತ! ಅಂದರೆ ಎಷ್ಟು ಸಲ ತಿಂದಿರಿ, ಅದು ಎಷ್ಟು ಹೊತ್ತು ಬಾಯಲ್ಲಿತ್ತು ಅನ್ನೋದೇ ಹಲ್ಲಿನ ಹಣೆಬರಹ ಬರೆಯೋದು.

ಬಾಟಲಿ ನೀರಿನ ಕಥೆ

ನೈಟ್ ಶಿಫ್ಟಿನವರು ನಿದ್ದೆ ತಡೆಯಲು ಎನರ್ಜಿ ಡ್ರಿಂಕ್ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಬೆಳಗಿನ ತನಕ ಎಳೆಯುತ್ತಾರೆ. ಹಲ್ಲಿಗೆ ಇದಕ್ಕಿಂತ ಕೆಟ್ಟ ರೀತಿ ಇಲ್ಲ. ಸಕ್ಕರೆ ಒಂದು ಕಡೆ, ಪಾನೀಯದ ಸ್ವಂತ ಹುಳಿ ಇನ್ನೊಂದು ಕಡೆ. ಹುಳಿ ಅಳೆಯುವ ಪಿ.ಎಚ್. ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲು ಕರಗಲು ಶುರು. ಕೋಲಾ ಇರೋದು 2.5ರ ಆಸುಪಾಸಿನಲ್ಲಿ! ಸಕ್ಕರೆ ಇಲ್ಲದ ಡಯಟ್ ಕೋಲಾದಲ್ಲೂ ಹುಳಿ ಇದ್ದೇ ಇದೆ.

1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟಾಗ ಸರಕಾರಿ ಮಾಡರ್ನ್ ಬೇಕರೀಸ್ 'ಡಬಲ್ ಸೆವೆನ್' ತಂದಿತು. ಅದರ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲೇ. 1993ರಲ್ಲಿ ಕೋಕಾ ಕೋಲಾ ವಾಪಸು ಬಂತು. ಲೇಬಲ್ಲು ಸ್ವದೇಶಿಯೋ ವಿದೇಶಿಯೋ, ಹಲ್ಲಿಗೆ ಎಲ್ಲಾ ಒಂದೇ. ಮಾವಿನ ಜ್ಯೂಸು, ಕಬ್ಬಿನ ಹಾಲು, ಬಾದಾಮಿ ಹಾಲು, ಸಿಹಿ ಲಸ್ಸಿ ಇವೂ ಸಕ್ಕರೆಯ ಪಟ್ಟಿಗೇ ಸೇರುತ್ತವೆ.

ಬೆಲ್ಲದ ಟೀ ಬಚಾವ್ ಮಾಡುತ್ತಾ?

'ಬೆಲ್ಲದ ಟೀ ಆರೋಗ್ಯಕ್ಕೆ ಒಳ್ಳೇದು' ಅಂತ ಬೋರ್ಡು ಹಾಕಿದ ಅಂಗಡಿಗಳು ಈಗ ಎಲ್ಲೆಲ್ಲೂ. ರುಚಿಗೆ ಕುಡಿಯಿರಿ, ಹಲ್ಲು ಉಳಿಯುತ್ತೆ ಅಂತ ಕುಡಿಯಬೇಡಿ. ಬೆಲ್ಲದಲ್ಲೂ ಬಹುಪಾಲು ಅದೇ ಸಕ್ಕರೆ. ಜೇನುತುಪ್ಪದ್ದೂ ಇದೇ ಕಥೆ. ಬ್ಯಾಕ್ಟೀರಿಯಾಕ್ಕೆ ಇದು ಬೆಲ್ಲ, ಅದು ಸಕ್ಕರೆ ಎಂಬ ಭೇದವಿಲ್ಲ.

ಹಾಗಾದರೆ ಹಲ್ಲು ಕೆಡಿಸದ ಸಿಹಿ ಉಂಟೇ? ಉಂಟು. 1879ರಲ್ಲಿ ಅಮೆರಿಕದಲ್ಲಿ ಪತ್ತೆಯಾದ ಸ್ಯಾಕರಿನ್, ಎಲೆಯಿಂದ ತೆಗೆಯುವ ಸ್ಟೀವಿಯಾ, ಸುಕ್ರಲೋಸ್ ಇವನ್ನು ಬ್ಯಾಕ್ಟೀರಿಯಾಗಳು ಆಮ್ಲ ಮಾಡಲಾರವು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಬರುವ ಜೈಲಿಟಾಲ್ ಕೂಡ ಹಾಗೇ. ಅದನ್ನು ಜಗಿದಾಗ ಜೊಲ್ಲು ಹೆಚ್ಚು ಸುರಿದು ಹಲ್ಲು ತೊಳೆಯುತ್ತದೆ.

ಆದರೆ ಮಾತ್ರೆ ಹಾಕಿಕೊಂಡರೆ ಮೈ ತೂಕವೂ ಇಳಿಯುತ್ತೆ ಅಂತ ನಂಬಬೇಡಿ. ತೂಕ ಇಳಿಸಲು ಇಂಥ ಸಿಹಿಕಾರಕ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಸಕ್ಕರೆ ಕಾಯಿಲೆಯವರು ತಮ್ಮ ಡಾಕ್ಟರನ್ನೇ ಕೇಳಲಿ. ಉಳಿದವರು ನಾಲಿಗೆಯನ್ನು ಕಮ್ಮಿ ಸಿಹಿಗೆ ಒಗ್ಗಿಸಿಕೊಳ್ಳುವುದೇ ಸರಿ. ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ. ಅದೇ ಸಂಸ್ಥೆಯ 2015ರ ಮಾತಿನಂತೆ ದೊಡ್ಡವರಿಗೆ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು, 25ಕ್ಕೆ ಇಳಿದರೆ ಇನ್ನೂ ಒಳ್ಳೇದು. ಎರಡೆರಡು ಚಮಚದ ಆರು ಟೀ ಕುಡಿದರೆ 50 ಗ್ರಾಂ ಅಲ್ಲೇ ಮುಗೀತು!

ಮಜ್ಜಿಗೆಗೆ ಜೈ!

ಪಟ್ಟಿಯಲ್ಲಿ ಮೊದಲನೆಯದು ಬರೀ ನೀರು. ಎರಡನೆಯದು ಸಕ್ಕರೆ ಹಾಕದ ಹಾಲು. ಮೂರನೆಯದು ಮಜ್ಜಿಗೆ. ಮಜ್ಜಿಗೆಯೂ ಹುಳಿ ಅಲ್ಲವೇ ಅಂತ ಕೇಳಬಹುದು. ಹೌದು, ಆದರೆ ಅದರಲ್ಲೇ ಸುಣ್ಣದಂಶ ಇರೋದರಿಂದ ಹಲ್ಲಿನಿಂದ ಕಿತ್ತುಕೊಳ್ಳುವುದು ಕಮ್ಮಿ. ಸಕ್ಕರೆ ಇಲ್ಲದ ಟೀ, ಕಾಫಿ ಹಲ್ಲಿಗೆ ಕಲೆ ಕಟ್ಟಬಹುದು, ಹುಳುಕು ತರೋಲ್ಲ. ಎಳನೀರಿನಲ್ಲಿ ಕೊಂಚ ಸಕ್ಕರೆ ಇದ್ದರೂ ಕೋಲಾಗಿಂತ ಎಷ್ಟೋ ವಾಸಿ.

ಸಿಹಿ ಬೇಕೇ ಬೇಕು ಅನ್ನೋರು ಊಟ-ತಿಂಡಿಯ ಜೊತೆಗೇ ಮುಗಿಸಿ, ನೀರು ಮುಕ್ಕಳಿಸಿ. ಹುಳಿ ಪಾನೀಯ ಕುಡಿದ ತಕ್ಷಣ ಬ್ರಷ್ ಹಿಡಿಯಬೇಡಿ. ಮೆತ್ತಗಾದ ಹಲ್ಲು ಸವೆಯುತ್ತದೆ. ಅರ್ಧ ಗಂಟೆ ತಡೆಯಿರಿ. ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ ಮಲಗೋದನ್ನು ಮಾತ್ರ ತಪ್ಪಿಸಬೇಡಿ.

ತಾಯಂದಿರಿಗೆ ಒಂದು ಮಾತು. ಕೆಲಸ ಮುಗಿಸಿ ಸುಸ್ತಾಗಿ ಬಂದಾಗ ಮಗುವಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸೋದು ಸುಲಭ. ಆದರೆ ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಸಿಹಿ ರಾತ್ರಿಯಿಡೀ ಅಲ್ಲೇ. 'ಹಾಲುಹಲ್ಲು ತಾನೇ, ಹೇಗಿದ್ರೂ ಬೀಳುತ್ತೆ' ಅನ್ನಬೇಡಿ. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ದವಡೆ ಹಲ್ಲು ಬಿದ್ದು ಬರುವಂಥದ್ದಲ್ಲ, ಜೀವನಪೂರ್ತಿ ಇರಬೇಕಾದದ್ದು. ಅದನ್ನೂ ಹಾಲುಹಲ್ಲೆಂದು ತಿಳಿದು ಕಳಕೊಳ್ಳುವ ಮಕ್ಕಳುಂಟು.

ಅಂಗಡಿಯವರು ಏನು ಮಾಡಬಹುದು?

ವ್ಯಾಪಾರ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಟೀ ಕಾಯಿಸುವಾಗಲೇ ಸಕ್ಕರೆ ಸುರಿಯುವ ಬದಲು ಬೇರೆ ಡಬ್ಬಿಯಲ್ಲಿಡಿ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಸಕ್ಕರೆಯ ಖರ್ಚೂ ಉಳೀತು. ಫ್ರಿಜ್ಜಿನ ಮುಂದಿನ ಸಾಲಿನಲ್ಲಿ ಕೋಲಾ ಬದಲು ಮಜ್ಜಿಗೆ ಪ್ಯಾಕೆಟ್ ಜೋಡಿಸಿ. ಮುಂದೆ ಕಂಡದ್ದೇ ಮೊದಲು ಖರ್ಚಾಗೋದು ಅಂತ ನಿಮಗೆ ಗೊತ್ತಿಲ್ಲವೇ?

ಈಗಾಗಲೇ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಿದ್ದರೆ, ತಣ್ಣೀರು ಜುಮ್ಮೆಂದರೆ ನೋವು ಬರೋ ತನಕ ಕಾಯಬೇಡಿ. ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಬಳಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಸಣ್ಣ ತೂತಿಗೆ ಸಿಮೆಂಟು ತುಂಬಿದರೆ ಮುಗಿಯಿತು. ಅದೇ ತೂತು ನರದ ತನಕ ಇಳಿದರೆ ಆಗ ಹೋಗೋದು ಒಂದು ದಿನದ ಕೂಲಿಯಲ್ಲ, ತಿಂಗಳ ಸಂಬಳದ ದೊಡ್ಡ ಪಾಲು.